‘ಕೈ ಮೀರಿದ ಹುಡುಗಿ’ ಎಂಬ ಸುಳ್ಳು

ರಾಯಚೂರು ಜಿಲ್ಲೆಯಲ್ಲಿ ಹದಿನಾಲ್ಕು ದಾಟಿದ ಹುಡುಗಿ ಎದುರುತ್ತರ ಕೊಟ್ಟರೆ, ಮುನಿಸಿಕೊಂಡು ಉಣ್ಣದೆ ಮಲಗಿದರೆ, ಕಾಲೇಜಿನಿಂದ ಒಂದು ಬಸ್ಸು ತಡವಾಗಿ ಬಂದರೆ, ಇಲ್ಲವೇ ಒಂದು ದಿನ ಯಾರಿಗೂ ಹೇಳದೆ ಮನೆ ಬಿಟ್ಟರೆ, ಅವಳ ಮೇಲೆ ತೀರ್ಪು ಬರಲು ಹೊತ್ತು ಹಿಡಿಯುವುದಿಲ್ಲ. ‘ಹುಡುಗಿ ಕೈ ಮೀರ್ಯಾಳ’ ಅನ್ನುತ್ತದೆ ಓಣಿ. ಸ್ಟಾಫ್ ರೂಮಿನಲ್ಲೂ ಅದೇ ಮಾತು, ಠಾಣೆಯ ಬೆಂಚಿನ ಮೇಲೂ ಅದೇ ಮಾತು, ಓದಿದವರೇ ತುಂಬಿರುವ ಬಡಾವಣೆಗಳಲ್ಲೂ ಅದೇ ಮಾತು. ಕಾರಣ ಯಾರೂ ಹುಡುಕಬೇಕಿಲ್ಲ: ಮೊಬೈಲು, ಸಹವಾಸ, ಸಲಿಗೆ. ಮದ್ದನ್ನೂ ಯಾರೂ ಕೇಳಬೇಕಿಲ್ಲ: ಫೋನು ಕಸಿದುಕೊಳ್ಳಿ, ಶಾಲೆ ಬಿಡಿಸಿ, ಗಂಡು ನೋಡಿ.

ಈ ತೀರ್ಪು ಸುಳ್ಳು. ಈ ಮದ್ದು ರೋಗಕ್ಕಿಂತ ಕೆಟ್ಟದ್ದು. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ, ಈಗ ರಾಯಚೂರಿನಲ್ಲಿ ನೆಲೆ ನಿಂತವಳು ನಾನು. ‘ಕೆಟ್ಟ ಹುಡುಗಿ’ ಎಂದು ಹೆಸರಾದವರನ್ನು ಹತ್ತಿರದಿಂದ ನೋಡಿದ್ದೇನೆ. ತಮ್ಮನ್ನೂ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯುವ ಒಂದು ಜಾಗಕ್ಕಾಗಿ ಅವರು ತಡಕಾಡುತ್ತಿದ್ದರು. ಅವರಿಗಿದ್ದದ್ದು ಒಂದೆರಡೇ ಜಾಗ: ಶಾಲೆ, ಗೆಳತಿಯರ ಗುಂಪು, ಅಪರೂಪಕ್ಕೆ ಕೈಗೆ ಸಿಗುವ ಅಣ್ಣನ ಫೋನು. ಶಿಸ್ತಿನ ಹೆಸರಿನಲ್ಲಿ ನಾವು ಮೊದಲು ಮುಚ್ಚುವ ಬಾಗಿಲುಗಳೂ ಅವೇ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಯಾರು ಮೊದಲು ಕರೆಯುತ್ತಾನೋ ಅವನ ಹಿಂದೆ ಅವಳು ಹೋಗುತ್ತಾಳೆ. ಆಗ ‘ನೋಡ್ರಿ, ನಾವು ಹೇಳಿದ್ದು ಖರೆ ಆತು’ ಅನ್ನುತ್ತೇವೆ.

ಮೊದಲು ಮೊಬೈಲಿನ ಆರೋಪವನ್ನೇ ತೆಗೆದುಕೊಳ್ಳೋಣ. ಮೊಬೈಲು ಬರುವ ಮೊದಲು ನಮ್ಮ ಹುಡುಗಿಯರು ಮನೆ ಬಿಡುತ್ತಿರಲಿಲ್ಲವೇ? ನನ್ನ ಕಾಲದಲ್ಲಿ ತಪ್ಪೆಲ್ಲ ಟೂರಿಂಗ್ ಟಾಕೀಸಿನದಾಗಿತ್ತು. ಆಮೇಲೆ ಟೇಪ್ ರೆಕಾರ್ಡರಿನ ಹಾಡುಗಳದಾಯಿತು, ಆಮೇಲೆ ಟಿ.ವಿ. ಧಾರಾವಾಹಿಗಳದು. ನನ್ನ ಚಿಕ್ಕವ್ವನ ಕಾಲದಲ್ಲಿ ಅಕ್ಷರದ್ದೇ ತಪ್ಪು. ಹೆಣ್ಣಿಗೆ ಬರೆಯಲು ಕಲಿಸಿದರೆ ಕಾಗದ ಬರೆಯುತ್ತಾಳೆ ಎಂದು ಅವಳನ್ನು ನಾಲ್ಕನೇ ಇಯತ್ತೆಗೆ ಬಿಡಿಸಿದರು. ಆರೋಪಿ ಬದಲಾಗುತ್ತಾ ಬಂದ, ಶಿಕ್ಷೆ ಮಾತ್ರ ಬದಲಾಗಲಿಲ್ಲ: ಪ್ರತಿ ಸಲವೂ ಹುಡುಗಿಯ ಓದು ನಿಂತಿತು. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ಈ ಫೋನನ್ನು ಮಕ್ಕಳ ಕೈಗೆ ಕೊಟ್ಟವರು ನಾವೇ, ಪಾಠ ಅದರಲ್ಲೇ ಬರುತ್ತದೆ ಎಂದು. ಒಂದೇ ಫೋನಿರುವ ಮನೆಯಲ್ಲಿ ಅದು ಹೋದದ್ದು ಮಗನ ಕೈಗೆ. ಮಗಳು ರಾತ್ರಿ ಎಲ್ಲರೂ ಮಲಗಿದ ಮೇಲೆ ಕದ್ದು ನೋಡುವುದನ್ನು ಕಲಿತಳು. ಕದ್ದು ನೋಡುವುದನ್ನು ಯಾರ ಎದುರು ಬಿಚ್ಚಿ ಹೇಳಲಿಕ್ಕಾಗುತ್ತದೆ? ಫೋನಿನ ಆಚೆ ಇದ್ದವನು ಬೆದರಿಸಿದರೆ, ಫೋಟೊ ಕೇಳಿದರೆ, ದುಡ್ಡು ಕೇಳಿದರೆ ಅವಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಏಕೆಂದರೆ ಮೊದಲ ಏಟು ತನಗೇ ಬೀಳುತ್ತದೆಂದು ಅವಳಿಗೆ ಗೊತ್ತು. ಫೋನಿನಲ್ಲಿ ಅಪಾಯ ಇದೆ, ಇಲ್ಲವೆನ್ನುವಷ್ಟು ಕುರುಡಿ ನಾನಲ್ಲ. ಆದರೆ ಆ ಅಪಾಯಕ್ಕೆ ಬಲ ಬರುವುದು ಮನೆಯೊಳಗಿನ ಈ ಹೆದರಿಕೆಯಿಂದ.

ಸಂಜೆ ಆರರ ಹೊತ್ತಿಗೆ ರಾಯಚೂರಿನಲ್ಲಿ ಒಂದು ಸುತ್ತು ಹಾಕಿ. ತೀನ್ ಕಂದೀಲ್ ಬಳಿ, ಮಾವಿನಕೆರೆಯ ದಂಡೆಯ ಮೇಲೆ, ಚಹಾದ ಅಂಗಡಿಗಳ ಮುಂದೆ, ಜಿಮ್ಮುಗಳ ಮೆಟ್ಟಿಲ ಮೇಲೆ ಹದಿನಾರು ಹದಿನೇಳರ ಹುಡುಗರ ಗುಂಪು ಕಾಣುತ್ತದೆ. ಅವರಿಗೆ ಅಲ್ಲಿ ಏನೂ ಕೆಲಸವಿಲ್ಲ, ಯಾರೂ ಕೇಳುವುದೂ ಇಲ್ಲ. ಗಣಪತಿ ಕೂಡಿಸಲು ಪಟ್ಟಿ ಎತ್ತುವವರು ಅವರು, ಮೊಹರಂನಲ್ಲಿ ಅಲಾಯಿ ಕುಣಿಯುವವರು ಅವರು, ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ ಎತ್ತುಗಳು ಕಲ್ಲು ಎಳೆಯುವಾಗ ಕೇಕೆ ಹಾಕುವವರೂ ಅವರೇ. ಸಿಟ್ಟು ಬಂದರೆ, ಮನೆಯಲ್ಲಿ ಬೈಸಿಕೊಂಡರೆ, ಪರೀಕ್ಷೆ ನಪಾಸಾದರೆ ಗಂಡುಹುಡುಗನಿಗೆ ಹೋಗಲು ಒಂದು ಕಟ್ಟೆ ಇದೆ. ರಾತ್ರಿ ಹತ್ತಕ್ಕೆ ಮನೆಗೆ ಬಂದರೆ ತಾಯಿ ರೊಟ್ಟಿ ಮುಚ್ಚಿಟ್ಟಿರುತ್ತಾಳೆ.

ಅದೇ ಮನೆಯ ಹುಡುಗಿ ಎಲ್ಲಿಗೆ ಹೋಗಬೇಕು? ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಅರಿವು ಕೇಂದ್ರ ಎಂದು ಹೆಸರಿಟ್ಟೆವು. ಮಕ್ಕಳಿಗೆ ಸದಸ್ಯತ್ವ ಉಚಿತ. ನಾನು ಹೋದಲ್ಲೆಲ್ಲ ಪತ್ರಿಕೆ ಹರಡಿಕೊಂಡು ಕೂತವರು ಗಂಡಸರು. ಅವರ ನಡುವೆ ಒಂದು ಹುಡುಗಿ ಹೋಗಿ ಕೂತರೆ ಮರುದಿನವೇ ಅದು ಸುದ್ದಿ. ಆಟದ ಮೈದಾನ ಗಂಡುಹುಡುಗರ ಕ್ರಿಕೆಟ್ಟಿಗೆ. ಗುಡಿಯ ಕಟ್ಟೆ ಹಿರಿಯರಿಗೆ. ಅವಳ ಪಾಲಿಗೆ ಉಳಿದದ್ದು ನಳದ ಸರದಿ, ಹಿತ್ತಲು ಮತ್ತು ಅಡುಗೆಮನೆ.

ನಮ್ಮ ಸಂಪ್ರದಾಯವೇ ಹಾಗೆ, ಹೆಣ್ಣುಮಕ್ಕಳು ಮನೆಯೊಳಗೇ ಚೆಂದ ಅನ್ನುವವರಿಗೆ ನಮ್ಮ ಸಂಪ್ರದಾಯವೇ ಗೊತ್ತಿಲ್ಲ. ಗೌರಿ ಹುಣ್ಣಿಮೆಗೆ ಸಕ್ಕರಿ ಆರತಿ ಹಿಡಿದು, ಹೊಸ ಸೀರೆಯುಟ್ಟು, ಕೋಲು ಹಾಕುತ್ತಾ ಓಣಿಯಿಂದ ಓಣಿಗೆ ಹೋಗುತ್ತಿದ್ದವರು ಹುಡುಗಿಯರು. ಮಳೆಗಾಲದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನನ್ನು ಮಾಡಿ, ಬುತ್ತಿ ಕಟ್ಟಿಕೊಂಡು ಗುಂಪಾಗಿ ಊರಾಚೆ ಹೋಗುತ್ತಿದ್ದವರು ಹುಡುಗಿಯರು. ನಾಗರ ಪಂಚಮಿಗೆ ಬೇವಿನ ಮರದ ಜೋಕಾಲಿ ಅವರದ್ದಾಗಿತ್ತು. ಮೈನೆರೆಯುವ ವಯಸ್ಸಿನ ಮಕ್ಕಳಿಗೆ ತಮ್ಮದೇ ಒಂದು ಕೂಟ ಬೇಕು, ನಗಲು, ಹಾಡಲು, ಗುಟ್ಟು ಹೇಳಿಕೊಳ್ಳಲು ದೊಡ್ಡವರ ಕಣ್ಣಿಲ್ಲದ ಒಂದು ಹೊತ್ತು ಬೇಕು ಎಂಬುದು ಅಕ್ಷರ ಬಾರದ ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಆ ಹೊತ್ತುಗಳನ್ನು ಒಂದೊಂದಾಗಿ ಕಳೆದವರು ನಾವು, ಬದಲಿಗೆ ಬೇರೇನನ್ನೂ ಕಟ್ಟಲಿಲ್ಲ. ಗುಳ್ಳವ್ವನ ಜೊತೆ ಊರಾಚೆ ಹೋಗಿದ್ದವಳ ಮೊಮ್ಮಗಳು ಇಂದು ಗೆಳತಿಯ ಮನೆಗೆ ನೋಟ್ಸ್ ತರಲು ಹೋಗಬೇಕಾದರೂ ತಮ್ಮನನ್ನು ಜೊತೆಗೆ ಕರೆದೊಯ್ಯಬೇಕು.

ಮಾನ್ವಿ ತಾಲ್ಲೂಕಿನ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮುಂಗೈ ಮೇಲೆ ಕೈವಾರದ ಮುಳ್ಳಿನಿಂದ ಒಂದು ಅಕ್ಷರ ಕೊರೆದುಕೊಂಡು ಬಂದಿದ್ದಳು. ಗಾಯ ಬಾತು ಕೀವಾಗಿತ್ತು, ಅದನ್ನು ಮುಚ್ಚಲು ಕೈಗೆ ಕರ್ಚೀಫು ಕಟ್ಟಿಕೊಂಡಿದ್ದಳು. ಸಹೋದ್ಯೋಗಿಗಳಿಗೆ ಅಕ್ಷರ ಯಾರದೆಂಬುದೇ ಮುಖ್ಯವಾಯಿತು, ಯಾವ ಜಾತಿಯವನೆಂಬುದು ಅದಕ್ಕಿಂತ ಮುಖ್ಯವಾಯಿತು. ನಾನು ಅವಳನ್ನು ಪ್ರಯೋಗಾಲಯದ ಕೋಣೆಗೆ ಕರೆದೊಯ್ದು ಡೆಟಾಲ್ ಹಚ್ಚುತ್ತಾ ಕೇಳಿದೆ: ‘ಯಾಕವ್ವ ಹಿಂಗ ಮಾಡ್ಕೊಂಡಿ?’

‘ಅವ ನನ್ನ ಹೆಸರು ಹಿಡ್ದು ಕರೀತಾನ್ರಿ ಟೀಚರ್.’

‘ಮನ್ಯಾಗ ಯಾರೂ ಕರಿಯಂಗಿಲ್ಲೇನು?’

‘ಮನ್ಯಾಗ ನೀರು ತಾ ಅಂತಾರ, ತಮ್ಮನ್ನ ಎತ್ಗೋ ಅಂತಾರ. ಹೆಸರು ಹಿಡ್ದು ಯಾರ್ ಕರೀತಾರ್ರಿ?’

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಅವಳ ತಂದೆ ತಾಯಿ ಕೆಟ್ಟವರಲ್ಲ. ಕಾಲುವೆಯ ಕೊನೆಭಾಗದ ಹೊಲ, ನೀರು ಬಂದರೆ ಭತ್ತ, ಬಾರದಿದ್ದರೆ ಬೇರೆಯವರ ಗದ್ದೆಯಲ್ಲಿ ಕೂಲಿ. ಬೆಳಗಿನ ಜಾವ ಟಂಟಂ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹುಡುಗಿಯ ಹೆಸರು ಕರೆಯಲು ಅವರಿಗೆ ಪುರಸೊತ್ತು ಇರಲಿಲ್ಲ, ಇದು ಬಡತನದ ಮಾತು. ಆದರೆ ಆ ಶಾಲೆಯಲ್ಲಿ ನಾವು ಹತ್ತು ಮಂದಿ ಇದ್ದೆವು, ಸಂಬಳ ತೆಗೆದುಕೊಳ್ಳುವವರು. ಹಾಜರಿ ಕೂಗುವಾಗಲಾದರೂ ನಾವು ಅವಳ ಹೆಸರು ಕರೆಯುತ್ತಿದ್ದೆವೇ? ನಂಬರ್ ಕೂಗುತ್ತಿದ್ದೆವು. ಮೂರನೇ ದಿನ ಅವಳ ತಂದೆಯನ್ನು ಕರೆಸಿದರು, ನಾಲ್ಕನೇ ದಿನದಿಂದ ಅವಳು ಬರಲಿಲ್ಲ.

ಇನ್ನು ಮದುವೆ ಎಂಬ ಮದ್ದು. ಹಟಮಾರಿ ಹೆಣ್ಣನ್ನು ಗಂಡನೊಬ್ಬ ಪಳಗಿಸುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕ ಆಧರಿಸಿ 1989ರಲ್ಲಿ ಬಂದ ‘ನಂಜುಂಡಿ ಕಲ್ಯಾಣ’ ಸಿನಿಮಾವನ್ನು ಇಡೀ ನಾಡು ಮುಗಿಬಿದ್ದು ನೋಡಿತು. ಮೂಲ ಕಥೆ ಶೇಕ್ಸ್‌ಪಿಯರನದು, ಆದ್ದರಿಂದ ಈ ನಂಬಿಕೆ ನಮ್ಮೊಬ್ಬರದೇ ಅಲ್ಲ. ಆದರೆ ಸಿನಿಮಾದ ನಾಯಕಿ ಬೆಳೆದ ಹೆಣ್ಣು. ನಮ್ಮಲ್ಲಿ ಪಳಗಿಸಲು ಕಳಿಸುವುದು ಹದಿನೈದರ ಮಕ್ಕಳನ್ನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.4ರಷ್ಟು ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು. 2019-20ರ ಐದನೇ ಸುತ್ತಿನಲ್ಲಿ ಅದು ಶೇ 21.3. ಅಷ್ಟು ವರ್ಷಗಳ ಜಾಥಾ, ಗೋಡೆಬರಹ, ಪ್ರತಿಜ್ಞಾವಿಧಿಗಳ ನಂತರ ಕೂದಲೆಳೆಯಷ್ಟು ಇಳಿಕೆ. ಇದು ರಾಜ್ಯದ ಸರಾಸರಿ. ಕರಾವಳಿ, ಮಲೆನಾಡುಗಳ ಒಳ್ಳೆಯ ಅಂಕಿ ಅದರೊಳಗೆ ಸೇರಿಕೊಂಡಿದೆ ಎಂಬುದನ್ನು ನಮ್ಮ ಭಾಗದವರು ಮರೆಯಬಾರದು.

ಕಾನೂನಿಗೆ ಕೊರತೆ ಇಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ರಾಯಚೂರು ಜಿಲ್ಲೆಯವರೇ ಆದ ಶಿವರಾಜ ಪಾಟೀಲರ ಸಮಿತಿ ಬಾಲ್ಯವಿವಾಹ ತಡೆಯ ಬಗ್ಗೆ 2011ರಲ್ಲೇ ವರದಿ ಕೊಟ್ಟಿತು. ಕೇಂದ್ರದ 2006ರ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದಿತು. ಹಾಗಾದರೆ ಮದುವೆ ಏಕೆ ನಿಲ್ಲುತ್ತಿಲ್ಲ? ದೇವದುರ್ಗದ ಯಾವ ತಾಂಡಾಕ್ಕಾದರೂ ಗುಳೆ ಹೊರಡುವ ಹೊತ್ತಿನಲ್ಲಿ ಹೋಗಿ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ ತಾಲ್ಲೂಕು ಅದು. ಗಂಡ ಹೆಂಡತಿ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋಗಬೇಕು. ಎಮ್ಮೆಯನ್ನು ಅಣ್ಣನ ಮನೆಯಲ್ಲಿ ಕಟ್ಟಬಹುದು, ಸಣ್ಣವರನ್ನು ಜೊತೆಗೆ ಒಯ್ಯಬಹುದು. ಮೈನೆರೆದ ಮಗಳನ್ನು? ಶೆಡ್ಡಿನಲ್ಲಿ ಇಟ್ಟುಕೊಂಡರೆ ಭಯ, ಮುದುಕಿಯ ಹತ್ತಿರ ಬಿಟ್ಟರೆ ಭಯ. ‘ಒಂದು ಮನಿ ಸೇರಿಸಿಬಿಟ್ರ ನಿಶ್ಚಿಂತಿ’ ಎಂದು ತಾಯಿಯೇ ಕಣ್ಣೀರು ಹಾಕುತ್ತಾ ಹೇಳುತ್ತಾಳೆ. ಇಂಥ ಮನೆಯಲ್ಲಿ ಹುಡುಗಿ ‘ಒಲ್ಲೆ’ ಅಂದರೆ ಅದು ಉದ್ಧಟತನವಾಗುತ್ತದೆ. ಅವಳು ಅತ್ತರೆ ಹಟ, ಸುಮ್ಮನಾದರೆ ಒಪ್ಪಿಗೆ, ಓಡಿದರೆ ಕಳಂಕ. ಅವಳ ‘ಒಲ್ಲೆ’ಯನ್ನು ಬಂಡಾಯ ಎಂದು ಕರೆಯುವವರಿಗೆ ನನ್ನದೊಂದೇ ಪ್ರಶ್ನೆ: ನಿಮ್ಮ ಹದಿನೈದರ ಮಗಳು ಅದೇ ಮಾತು ಹೇಳಿದ್ದರೆ ನೀವು ಹೆಮ್ಮೆಪಡುತ್ತಿರಲಿಲ್ಲವೇ?

ಓಡಿಹೋದ ಮೇಲೆ ನಡೆಯುವುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲೇ ನಮ್ಮ ನೀತಿಯ ಮುಖವಾಡ ಕಳಚುತ್ತದೆ. ಹುಡುಗಿಗೆ ಹದಿನಾರೋ ಹದಿನೇಳೋ, ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ. ಇಬ್ಬರೂ ಒಂದೇ ಜಾತಿಯವರಾದರೆ ಹಿರಿಯರು ಕೂಡುತ್ತಾರೆ, ಬೈದು, ಬಡಿದು, ಕೊನೆಗೆ ಯಾವುದೋ ಗುಡಿಯಲ್ಲಿ ಅಕ್ಕಿಕಾಳು ಹಾಕಿಸಿ ಮುಚ್ಚಿಹಾಕುತ್ತಾರೆ. ಆಧಾರ್ ಕಾರ್ಡಿನ ವಯಸ್ಸು ಯಾರೂ ಕೇಳುವುದಿಲ್ಲ. ಹುಡುಗ ಬೇರೆ ಜಾತಿಯವನಾದರೆ, ಅದರಲ್ಲೂ ಕೆಳಗಿನ ಕೇರಿಯವನೋ ಬೇರೆ ಧರ್ಮದವನೋ ಆದರೆ, ಅದೇ ದಿನ ಅದೇ ಹುಡುಗಿ ಏನೂ ಅರಿಯದ ಮಗುವಾಗುತ್ತಾಳೆ. ಅಪಹರಣದ ದೂರು, ಪೋಕ್ಸೊ ಪ್ರಕರಣ, ವೈದ್ಯಕೀಯ ತಪಾಸಣೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ಮನೆಗೆ ಹೋಗಲಾರೆ ಎಂದರೆ ಮಕ್ಕಳ ಕಲ್ಯಾಣ ಸಮಿತಿ ಅವಳನ್ನು ಬಾಲಮಂದಿರಕ್ಕೆ ಕಳಿಸುತ್ತದೆ, ಹುಡುಗ ಜೈಲಿಗೆ ಹೋಗುತ್ತಾನೆ. ವಯಸ್ಸು ಒಂದೇ, ನಡೆದದ್ದೂ ಒಂದೇ. ಅದು ಮದುವೆಯೋ ಅಪರಾಧವೋ ಎಂಬುದನ್ನು ತೀರ್ಮಾನಿಸಿದ್ದು ಜಾತಿ. ಹೆಣ್ಣುಮಗುವಿನ ರಕ್ಷಣೆ ನಮ್ಮ ಉದ್ದೇಶವಾಗಿದ್ದರೆ ಎರಡೂ ಕಡೆ ನಾವು ಒಂದೇ ರೀತಿ ನಡೆದುಕೊಳ್ಳುತ್ತಿದ್ದೆವು.

ಪೋಕ್ಸೊ ಕಾಯ್ದೆ ಬೇಡವೆಂದು ನಾನು ಹೇಳುತ್ತಿಲ್ಲ. 2012ರಲ್ಲಿ ಅದು ಬಾರದಿದ್ದರೆ ಎಷ್ಟೋ ಮಕ್ಕಳ ಮೇಲಿನ ಹೇಯ ದೌರ್ಜನ್ಯಗಳು ಇಂದಿಗೂ ಗೋಡೆಗಳ ನಡುವೆಯೇ ಉಳಿಯುತ್ತಿದ್ದವು. ಆದರೆ ಹದಿಹರೆಯದವರ ಒಡನಾಟಕ್ಕೂ ಆ ದೌರ್ಜನ್ಯಕ್ಕೂ ಒಂದೇ ಸೆಕ್ಷನ್ ಹಾಕುವುದರ ಕಷ್ಟವನ್ನು ನ್ಯಾಯಾಲಯಗಳೇ ಕಂಡಿವೆ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದ ಪ್ರಕರಣದಲ್ಲಿ, ಹದಿನೇಳರಲ್ಲಿ ಮನೆ ಬಿಟ್ಟ ಹುಡುಗಿ ವಿಚಾರಣೆ ಮುಗಿಯುವ ಹೊತ್ತಿಗೆ ಅದೇ ಹುಡುಗನನ್ನು ಮದುವೆಯಾಗಿ ಇಬ್ಬರು ಮಕ್ಕಳ ತಾಯಿಯಾಗಿದ್ದಳು. ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಬೇಕು, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನು ತಿಳಿಸಬೇಕು ಎಂದಿತು ಪೀಠ. ಆಯೋಗ 2023ರ ವರದಿಯಲ್ಲಿ ಹದಿನೆಂಟನ್ನು ಇಳಿಸುವುದು ಬೇಡ ಎಂದಿತು, ಹದಿನಾರರಿಂದ ಹದಿನೆಂಟರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಅವಕಾಶವಿರಲಿ ಎಂದೂ ಹೇಳಿತು. ಮಿತಿ ಎಷ್ಟಿರಬೇಕೆಂದು ಬಲ್ಲವರು ಚರ್ಚಿಸಲಿ. ನನ್ನನ್ನು ಕಲಕಿದ್ದು 2025ರ ಮೇ ತಿಂಗಳ ಸುಪ್ರೀಂ ಕೋರ್ಟಿನ ತೀರ್ಪು. ಪಶ್ಚಿಮ ಬಂಗಾಳದ ಆ ಹುಡುಗಿ 2018ರಲ್ಲಿ ಹದಿನಾಲ್ಕರ ವಯಸ್ಸಿನಲ್ಲಿ ಮನೆ ಬಿಟ್ಟವಳು. ಹುಡುಗಿಯರು ತಮ್ಮ ಬಯಕೆಗಳನ್ನು ಹತೋಟಿಯಲ್ಲಿಟ್ಟುಕೊಳ್ಳಬೇಕೆಂದು ಕಲ್ಕತ್ತಾ ಹೈಕೋರ್ಟ್ ಅವಳ ಪ್ರಕರಣದಲ್ಲಿ ಉಪದೇಶ ಮಾಡಿತ್ತು. ಸುಪ್ರೀಂ ಕೋರ್ಟ್ 2024ರಲ್ಲಿ ಆ ತೀರ್ಪನ್ನು ರದ್ದುಮಾಡಿತು. ಮುಂದೆ ಅವಳ ಜೊತೆಗಿದ್ದವನ ಶಿಕ್ಷೆಯ ಪ್ರಶ್ನೆ ಬಂದಾಗ ನ್ಯಾಯಾಲಯ ಅವಳ ಬದುಕನ್ನೇ ಕೂಲಂಕಷವಾಗಿ ವಿಚಾರಿಸಿತು. ಸಮಾಜ ಅವಳನ್ನು ತೂಗಿ ನೋಡಿ ತೀರ್ಪು ಕೊಟ್ಟಿತು, ಕಾನೂನು ವ್ಯವಸ್ಥೆ ಅವಳನ್ನು ಕಾಯಲಿಲ್ಲ, ಹೆತ್ತವರು ಕೈಬಿಟ್ಟರು. ನಡೆದ ಘಟನೆಗಿಂತ ಅವಳಿಗೆ ಹೆಚ್ಚು ಯಾತನೆ ಕೊಟ್ಟದ್ದು ಆಮೇಲೆ ಪೊಲೀಸ್, ಕೋರ್ಟುಗಳೊಡನೆ ನಡೆದ ಹೋರಾಟ ಎಂಬುದನ್ನು ದೇಶದ ದೊಡ್ಡ ನ್ಯಾಯಾಲಯ ಕಂಡುಕೊಂಡು ಬರೆಯಿತು. ನಮ್ಮ ಓಣಿಗಳಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಬೇಕು.

ಎದುರಿನವರ ಮಾತಿನಲ್ಲಿ ಬಲವಾದದ್ದು ಒಂದಿದೆ, ಅದನ್ನು ಬದಿಗೆ ಸರಿಸಿ ಹೋಗಲಾರೆ. ‘ಟೀಚರ್, ನಿಮಗೇನು, ಮಾತಾಡಿ ಹೋಗ್ತೀರಿ. ನನ್ನ ಮಗಳಿಗೆ ಏನಾದ್ರೂ ಆದ್ರ ಯಾರು ಹೊಣಿ?’ ಎಂದು ಒಬ್ಬ ತಂದೆ ಕೇಳಿದ್ದರು. ಅವರ ಭಯ ನಿಜ. ಮದುವೆಯ ಆಸೆ ತೋರಿಸಿ ಮಾರುವವರಿದ್ದಾರೆ, ಬಸುರಿ ಮಾಡಿ ಬಿಟ್ಟುಹೋಗುವವರಿದ್ದಾರೆ, ಫೋಟೊ ಇಟ್ಟುಕೊಂಡು ಹಿಂಡುವವರಿದ್ದಾರೆ. ಆದರೆ ಅಂಥವನು ಯಾವ ಹುಡುಗಿಯನ್ನು ಆರಿಸಿಕೊಳ್ಳುತ್ತಾನೆ? ಮನೆಗೆ ಹೋಗಿ ಎಲ್ಲವನ್ನೂ ಹೇಳಬಲ್ಲವಳನ್ನಲ್ಲ. ಗೆಳತಿಯರಿದ್ದು, ಟೀಚರ್ ಹತ್ತಿರ ಸಲಿಗೆಯಿದ್ದು, ಸಂಜೆ ಕಬಡ್ಡಿಗೆ ಹೋಗುವವಳನ್ನಲ್ಲ. ಒಂಟಿಯಾದವಳನ್ನು ಅವನು ದೂರದಿಂದಲೇ ಗುರುತಿಸುತ್ತಾನೆ. ನಾವು ರಕ್ಷಣೆಯೆಂದು ಅವಳನ್ನು ಎಲ್ಲರಿಂದ ಬೇರ್ಪಡಿಸುವುದು ಅವನ ಅರ್ಧ ಕೆಲಸ ಮಾಡಿಕೊಟ್ಟಂತೆ. ಆ ತಂದೆಗೆ ನಾನು ಹೇಳಿದ್ದೂ ಇದನ್ನೇ. ಅವರು ಒಪ್ಪಲಿಲ್ಲ, ಆದರೆ ಮಗಳನ್ನು ಶಾಲೆ ಬಿಡಿಸಲೂ ಇಲ್ಲ.

ಮನೆ ಬಿಟ್ಟ ಮಕ್ಕಳನ್ನು ಕ್ಷಮಿಸುವುದು ನಮಗೆ ಬಾರದೇ ಇರುವ ವಿದ್ಯೆಯೇನೂ ಅಲ್ಲ. ತುಂಗಭದ್ರೆಯ ದಂಡೆಯ ಚೀಕಲಪರವಿ ಇದೇ ಮಾನ್ವಿ ತಾಲ್ಲೂಕಿನ ಊರು. ಹದಿನೇಳನೇ ಶತಮಾನದ ಕೊನೆಯಲ್ಲಿ ಆ ಊರಿನ ಬಡ ಮನೆಯ ಹುಡುಗ ದಾಸಪ್ಪ, ಬಡತನದಲ್ಲಿ ನೊಂದು, ಎಳೆ ಪ್ರಾಯದಲ್ಲೇ ಮನೆ ಬಿಟ್ಟು ಅಲೆಯುತ್ತಾ ಕಾಶಿ ಮುಟ್ಟಿದ ಎಂದು ದಾಸಪರಂಪರೆ ಹೇಳುತ್ತದೆ. ಅವನು ಹಿಂತಿರುಗಿದಾಗ ಊರು ಅವನನ್ನು ಹೊರಗಿಡಲಿಲ್ಲ. ಮುಂದೆ ಅವರೇ ವಿಜಯದಾಸರಾದರು, ಇಂದಿಗೂ ಅವರ ಆರಾಧನೆಗೆ ಜನ ಸೇರುತ್ತಾರೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಜಗನ್ನಾಥದಾಸರು ಅವರ ಹಾದಿಯಲ್ಲೇ ನಡೆದವರು. ಎಲ್ಲ ಹುಡುಗಿಯರೂ ಸಂತರಾಗುತ್ತಾರೆಂದು ನಾನು ಹೇಳುತ್ತಿಲ್ಲ, ಆಗಬೇಕಾಗಿಯೂ ಇಲ್ಲ. ಮನೆ ಬಿಟ್ಟ ಹುಡುಗ ಹಿಂತಿರುಗಿ ಬಂದಾಗ ಕಾಲಿಗೆ ನೀರು ಕೊಡುವ ಊರು, ಒಂದು ರಾತ್ರಿ ಹೊರಗೆ ಉಳಿದ ಹುಡುಗಿಯನ್ನು ಬದುಕಿಡೀ ಬಾಗಿಲಾಚೆ ನಿಲ್ಲಿಸುತ್ತದೆ. ತಪ್ಪಿದವಳು ತಿರುಗಿ ಬರಲು ದಾರಿಯಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿರುವುದರಿಂದ, ಕರೆದೊಯ್ದವನ ಮನೆಯಲ್ಲಿ ಏಟು ತಿಂದರೂ ಅವಳು ಬಸ್ಸು ಹತ್ತುವುದಿಲ್ಲ.

ಜಾಗ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ದಲಿತ ಕೂಲಿ ಹೆಣ್ಣುಮಕ್ಕಳು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಇದೆ. ಹೊಲದಲ್ಲಿ ಬಗ್ಗಿದ ಕೈಗಳೇ ಅಲ್ಲಿ ಸುಟ್ಟ ಮಣ್ಣಿನ ಸರ, ಓಲೆ ಮಾಡಿ ದೊಡ್ಡ ಊರುಗಳಿಗೆ ಕಳಿಸಿವೆ, ಕೂಲಿಗಾಗಿ, ರೇಷನ್ನಿಗಾಗಿ ಧರಣಿ ಕೂತಿವೆ. ಹತ್ತು ಹೆಂಗಸರು ಒಂದು ಸೂರಿನಡಿ ಕೂತು ಮಾತಾಡುವ ಊರಿನಲ್ಲಿ ಅವರ ಮಗಳಿಗೂ ಹೋಗಿ ಕೂಡಲು ಒಂದು ಸೂರು ಸಿಗುತ್ತದೆ. ಹೆಣ್ಣಿನ ಓದು ಹಿಂದುಳಿದ ತಾಲ್ಲೂಕುಗಳಿಗೆಂದೇ 2004ರಲ್ಲಿ ಶುರುವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಗುಳೆ ಹೋದವರ ಮಕ್ಕಳನ್ನು ಹಿಡಿದಿಟ್ಟುಕೊಂಡಿವೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ಇಲ್ಲವೆಂಬ ನೆಪಕ್ಕೆ ಬಲ ಹೋಯಿತು. ಹಳ್ಳಿಯ ಹುಡುಗಿ ದೇವದುರ್ಗದ ಪಿಯು ಕಾಲೇಜಿಗೆ ಬಂದು ಹೋಗುವುದು ಸುಲಭವಾಯಿತು. ಅದನ್ನು ‘ಪುಕ್ಕಟೆ ಕೊಟ್ಟು ಹೆಂಗಸರನ್ನ ಬೀದಿಗೆ ತಂದ್ರು’ ಎಂದು ಹೀಯಾಳಿಸುವವರು, ತಮ್ಮ ಓಣಿಯಲ್ಲಿ ಆ ಬಸ್ಸಿನಿಂದ ಎಷ್ಟು ಹುಡುಗಿಯರ ಓದು ಉಳಿದಿದೆ ಎಂದು ಒಮ್ಮೆ ವಿಚಾರಿಸಲಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 49ನ್ನೂ ಮುಟ್ಟಿರಲಿಲ್ಲ. ಇಂದು ಕಾಲೇಜಿನ ಮೆಟ್ಟಿಲು ಹತ್ತುವ ಅನೇಕರು ತಮ್ಮ ಮನೆಗಳಲ್ಲಿ ಮೊದಲು ಓದಿದವರು. ಮೊದಲು ಓದಿದವಳು ಪ್ರಶ್ನೆ ಕೇಳುತ್ತಾಳೆ, ಮನೆಯಲ್ಲಿ ಅದು ಜಗಳವಾಗುತ್ತದೆ. ಆ ಜಗಳವನ್ನು ರೋಗವೆಂದು ಕಾಣುವವರು ಓದಿಸುವ ಆಸೆಯನ್ನೇ ಬಿಡಬೇಕಾದೀತು.

ನಮ್ಮ ಕಡೆಯವರನ್ನೂ, ಅಂದರೆ ಇಲಾಖೆ, ಸಂಸ್ಥೆ, ಭಾಷಣಕಾರರನ್ನೂ ನಾನು ಬಿಡಲಾರೆ. ‘ಹದಿಹರೆಯದ ಸಮಸ್ಯೆಗಳು’ ಎಂಬ ಬ್ಯಾನರ್ ಕಟ್ಟಿ, ಮುನ್ನೂರು ಹುಡುಗಿಯರನ್ನು ಬಿಸಿಲಲ್ಲಿ ಕೂಡಿಸಿ, ‘ನಿಮ್ಮ ತಂದೆ ತಾಯಿಯ ಮರ್ಯಾದೆ ನಿಮ್ಮ ಕೈಯಲ್ಲಿದೆ’ ಎಂದು ಹೇಳಿ ಹೋಗುವ ಕಾರ್ಯಕ್ರಮ ಜಾಗೃತಿಯಲ್ಲ, ಅದು ಓಣಿಯ ತೀರ್ಪಿಗೆ ಮೈಕು ಹಿಡಿದಂತೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್‌ನ 14416, ಮಕ್ಕಳ ಸಹಾಯಕ್ಕೆ 1098 ಇವೆ. ಈ ಹೆಸರು, ಈ ನಂಬರುಗಳು ಹುಡುಗಿಯರ ಶೌಚಾಲಯದ ಬಾಗಿಲ ಹಿಂದೆ ಬರೆದಿರಬೇಕು, ಮುಖ್ಯೋಪಾಧ್ಯಾಯರ ಕೋಣೆಯ ಗೋಡೆ ಮೇಲಲ್ಲ. ಯಾರ ಕಣ್ಣಿಗೂ ಬೀಳದೆ ಓದಿಕೊಳ್ಳಲು ಅವಳಿಗೆ ಇರುವುದು ಅದೊಂದೇ ಬಾಗಿಲು. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಧರಣಿ ಮಾಡಿದ ಜನ ನಾವು, ನಾನೂ ಆ ಪೆಂಡಾಲಿನಲ್ಲಿ ಕೂತಿದ್ದೇನೆ. ಪ್ರತಿ ಪ್ರೌಢಶಾಲೆಗೆ ವಾರಕ್ಕೊಮ್ಮೆಯಾದರೂ ಬಂದು, ಹುಡುಗಿಯರ ಮಾತು ಕೇಳಿ, ಅದನ್ನು ಹೊರಗೆ ಹೇಳದ ಒಬ್ಬ ಆಪ್ತಸಮಾಲೋಚಕಿ ಬೇಕು ಎಂಬ ಬೇಡಿಕೆಯೂ ಆ ಪೆಂಡಾಲಿನಲ್ಲಿ ಕೇಳಬೇಕು. ಅರಿವು ಕೇಂದ್ರದಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ಹುಡುಗಿಯರಿಗೆ ಮಾತ್ರ ಎಂದು ಪಂಚಾಯಿತಿ ಠರಾವು ಮಾಡಲು ಒಂದು ರೂಪಾಯಿಯ ಅನುದಾನವೂ ಬೇಡ.

ಇದೆಲ್ಲಕ್ಕಿಂತ ತುರ್ತಿನ ಕೆಲಸವೊಂದಿದೆ, ಅದಕ್ಕೆ ಗಡುವು ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದು ಬೇಸಿಗೆಯಲ್ಲಿ. ನಮ್ಮ ಭಾಗದ ಜಿಲ್ಲೆಗಳು ಆ ಪಟ್ಟಿಯ ಕೆಳಗಡೆ ಇರುವುದು ವಾಡಿಕೆಯಾಗಿದೆ. ಅದೇ ಬಸವ ಜಯಂತಿಯ ಆಸುಪಾಸು, ಸಾಮೂಹಿಕ ವಿವಾಹಗಳ ಕಾಲ. ನಪಾಸಾದ ಹುಡುಗನಿಗೆ ‘ಮತ್ತ ಕಟ್ಟು’ ಅನ್ನುತ್ತಾರೆ. ನಪಾಸಾದ ಹುಡುಗಿಯ ಮನೆಗೆ ಆ ವಾರವೇ ಹೆಣ್ಣು ನೋಡಲು ಬರುತ್ತಾರೆ. ಅದೇ ಬೇಸಿಗೆಯಲ್ಲಿ ಪರೀಕ್ಷೆ-2 ಬರೆದು ಪಾಸಾಗುವ ಅವಕಾಶ 2024ರಿಂದ ಇದೆ. ಅರ್ಜಿ ಹಾಕಲು ಸಿಗುವುದು ಕೆಲವೇ ದಿನ, ಹಾಕಬೇಕಾದದ್ದು ಶಾಲೆಯ ಮೂಲಕ. ಆದ್ದರಿಂದ ಫಲಿತಾಂಶದ ಮರುದಿನ ಬೆಳಿಗ್ಗೆ ನಪಾಸಾದ ಹುಡುಗಿಯರ ಪಟ್ಟಿ ಹಿಡಿದು ಮನೆಮನೆಗೆ ಹೋಗುವ ಕೆಲಸ ಟೀಚರುಗಳದ್ದು, ಅಂಗನವಾಡಿಯ ಅಕ್ಕಂದಿರದ್ದು, ಆಶಾ ಕಾರ್ಯಕರ್ತೆಯರದ್ದು. ಅವಳ ಹೆಸರು ಹಿಡಿದು ಕರೆಯಬೇಕು, ಅರ್ಜಿಗೆ ಅವಳ ಸಹಿ ಹಾಕಿಸಿಕೊಳ್ಳಬೇಕು, ಯಾವ ವಿಷಯ ಕಷ್ಟವೋ ಅದಕ್ಕೆ ಸಂಜೆ ಎಲ್ಲಿ, ಯಾರ ಹತ್ತಿರ ಬರಬೇಕೆಂದು ಹೇಳಿ ಬರಬೇಕು. ಗಂಡಿನ ಕಡೆಯವರು ಬರುವ ಮೊದಲು ನಾವು ಆ ಮನೆಯ ಅಂಗಳದಲ್ಲಿ ಇರಬೇಕು.